ಅಂಚಿನಲ್ಲಿ ಅಕ್ಷರವಿಲ್ಲದ ಫಿಲ್ಮು

ಹಾಸ್ಟೆಲ್, ಎರಡನೇ ಮಹಡಿ, ನೀರಿನ ತೊಟ್ಟಿಯ ಪಕ್ಕದ ಕೋಣೆ
ಫೆಬ್ರುವರಿ ೧೧, ಭಾನುವಾರ, ಮಧ್ಯಾಹ್ನದ ಊಟ ಆದ ಮೇಲೆ

ಪ್ರೀತಿಯ ಅಪ್ಪಾ,

ಹೇಗಿದ್ದೀರಿ? ಬೆರಳ ಸಂದಿಯ ಬಿರುಕು ಕೂಡಿಕೊಂಡಿತೇ? ಮುಲಾಮು ಹಚ್ಚಿಕೊಂಡ ಕೈಯನ್ನೇ ಮತ್ತೆ ಡೆವಲಪರ್ ತಟ್ಟೆಗೆ ಅದ್ದಿದರೆ ಪಾಪ, ಮುಲಾಮಾದರೂ ಏನು ಮಾಡೀತು? ಚಿಮಟ ಇರುವುದು ಮೊಳೆಗೆ ತೂಗುಹಾಕಿ ಚೆಂದ ನೋಡಲಿಕ್ಕಲ್ಲ ಎಂದು ಅಮ್ಮ ಹೇಳಿ ಹೇಳಿ ಸೋತಳು, ಈಗ ನಾನೂ ಹೇಳಿ ಸೋಲುತ್ತೇನೆ. ಅಮ್ಮನ ತಲೆನೋವು ಹೇಗಿದೆ? ಕನ್ನಡಕದ ನಂಬರು ಬದಲಾಗಿರಬೇಕು, ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ‘ನಾಳೆ’ ಅನ್ನಬೇಡಿ. ನಿಮ್ಮ ನಾಳೆ ಎಂಥದ್ದು ಅಂತ ಇಡೀ ಬೀದಿಗೇ ಗೊತ್ತು, ಮದುವೆ ಫೋಟೊ ಕೇಳಿಕೊಂಡು ಬಂದವರು ಮಗುವಿನ ಫೋಟೊ ತೆಗೆಸಿಕೊಂಡು ಹೋಗುತ್ತಿದ್ದರಲ್ಲ.

ನಾನು ಚೆನ್ನಾಗಿದ್ದೇನೆ. ಹೊಟ್ಟೆ ತುಂಬ ಊಟ, ಕಣ್ತುಂಬ ನಿದ್ದೆ. ಎರಡನೆಯದು ಸುಳ್ಳು. ನನ್ನ ರೂಮ್‌ಮೇಟ್ ಗೊರಕೆ ಹೊಡೆಯುತ್ತಾಳೆ. ಸಣ್ಣಪುಟ್ಟದ್ದಲ್ಲ, ಯಾರೋ ಮೇಲಿನಿಂದ ಕಬ್ಬಿಣದ ಮಂಚ ಎಳೆಯುತ್ತಿದ್ದಾರೆ ಅನ್ನಿಸಬೇಕು. ನಾವೆಲ್ಲ ಅವಳಿಗೆ ‘ಇಂಜಿನ್’ ಅನ್ನುತ್ತೇವೆ, ಅವಳಿಗೂ ಬೇಜಾರಿಲ್ಲ. ಒಳ್ಳೆಯ ಹುಡುಗಿ, ನನ್ನ ಬಟ್ಟೆಯನ್ನೂ ಹಗ್ಗದಿಂದ ತೆಗೆದು ತರುತ್ತಾಳೆ. ನನ್ನ ಬರವಣಿಗೆ ನೋಡಿ ನಗಬೇಡಿ. ಅಷ್ಟು ವರ್ಷ ಹಾಸ್ಟೆಲ್ ಸ್ಕೂಲಿನಲ್ಲಿ ಮನೆಮಾತಿನಲ್ಲಿ ಪಿಸುಗುಟ್ಟಿದರೂ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರು. ನನಗೆ ಯೋಚನೆ ಅರ್ಧ ಇಂಗ್ಲಿಷಿನಲ್ಲಿ ಬರುತ್ತದೆ, ಬೈಗುಳ ಮಾತ್ರ ಪೂರ್ತಿ ನಿಮ್ಮ ದನಿಯಲ್ಲೇ ಬರುತ್ತದೆ.

ಇಷ್ಟುದ್ದ ಪೀಠಿಕೆ ಯಾಕೆ, ಫೋನ್ ಮಾಡಬಾರದಾಗಿತ್ತೇ ಅನ್ನುತ್ತೀರಿ. ಮಾಡಿದ್ದೆ. ‘ಊಟ ಆಯ್ತಾ? ಓದ್ತಿದ್ದೀಯಾ? ಇರು, ಗಿರಾಕಿ ಬಂದ್ರು’ ಎಂದು ಅಮ್ಮನ ಕೈಗೆ ಕೊಟ್ಟಿರಿ. ಅಮ್ಮನ ಕಿವಿಗೆ ಬೀಳಬಾರದ ವಿಷಯ ಇದು, ಕೊನೆಯ ಪಕ್ಷ ನನ್ನ ಬಾಯಿಂದ ಮೊದಲು ಬೀಳಬಾರದು. ಅದಕ್ಕೇ ಕಾಗದ. ನಿಧಾನವಾಗಿ ಓದಿ. ಶಟರ್ ಅರ್ಧ ಎಳೆದುಕೊಂಡು ಓದಿದರೆ ಇನ್ನೂ ಒಳ್ಳೆಯದು.

ಈ ಸೆಮಿಸ್ಟರಿನಿಂದ ನಮಗೆ ಡಾರ್ಕ್‌ರೂಂ ಶುರುವಾಗಿದೆ. ನಮ್ಮ ಅಂಗಡಿಯ ಮೆಟ್ಟಿಲ ಕೆಳಗಿನ ಗೂಡಿನ ಹಾಗಲ್ಲ, ದೊಡ್ಡದು. ಉದ್ದ ಸಿಂಕು, ಸಾಲು ನಲ್ಲಿಗಳು, ಎರಡೆರಡು ಕಪ್ಪು ಪರದೆ. ಪಕ್ಕದಲ್ಲಿ ಕೆಂಪು ದೀಪವೂ ಇಲ್ಲದ ಸಣ್ಣ ಕೋಣೆಯೊಂದಿದೆ. ಫಿಲ್ಮನ್ನು ಡಬ್ಬಿಯಿಂದ ಬಿಚ್ಚಿ ಸುರುಳಿಗೆ ಸುತ್ತುವುದು ಅಲ್ಲಿ. ಮೊದಲ ದಿನ ಮೇಡಂ ಒಂದು ಪ್ಲಾಸ್ಟಿಕ್ ಸುರುಳಿ ಎತ್ತಿ ಹಿಡಿದು ಎಲ್ಲರಿಗೂ ಹೇಳಿದರು: ‘ಫಿಲ್ಮು ಉದ್ದ, ಟ್ಯಾಂಕು ಗಿಡ್ಡ. ಉದ್ದದ್ದನ್ನ ಗಿಡ್ಡದರೊಳಗೆ ಕೂರಿಸಬೇಕು, ಆದರೆ ಪದರಕ್ಕೆ ಪದರ ತಾಗಬಾರದು. ತಾಗಿದ ಕಡೆ ಔಷಧಿ ಹೋಗಲ್ಲ. ಅದಕ್ಕೇ ಈ ಸುರುಳಿ, ಇದರ ತೋಡಿನೊಳಗೆ ಫಿಲ್ಮಿನ ಎರಡೂ ಅಂಚು ಕೂರಬೇಕು.’ ಹುಡುಗರೆಲ್ಲ ಬರೆದುಕೊಂಡರು. ನಾನು ಬರೆದುಕೊಳ್ಳಲಿಲ್ಲ. ನನಗೆ ಅಂಗೈ ಬೆವರಲು ಶುರುವಾಗಿತ್ತು. ನಿಮಗೇ ಗೊತ್ತಲ್ಲ, ಒದ್ದೆ ಕೈ ಎಂದರೆ ಫಿಲ್ಮಿಗೆ ಅಂಟು ಸವರಿದ ಹಾಗೆ.

ನನ್ನ ಟ್ರಂಕಿನಲ್ಲಿ ನಮ್ಮ ಸ್ಟೀಲ್ ಸುರುಳಿ ಇತ್ತು. ಕಾಲೇಜಿಗೆ ಹೊರಟ ದಿನ ಬಸ್ಸಿನ ಕಿಟಕಿಯೊಳಗೆ ಕೈ ಹಾಕಿ, ಹಳೆಯ ಬನಿಯನ್ನಿನಲ್ಲಿ ಸುತ್ತಿದ ಏನನ್ನೋ ನನ್ನ ಮಡಿಲಿಗೆ ಹಾಕಿದಿರಿ. ಮುಖ ನೋಡಲಿಲ್ಲ. ‘ಇಟ್ಕೋ. ಬೀಳಿಸಬೇಡ, ಒಂದು ಸಲ ಸೊಟ್ಟಗಾದ್ರೆ ಮುಗೀತು’ ಎಂದು ಹೇಳಿ, ಬಸ್ಸು ಹೊರಡುವ ಮೊದಲೇ ತಿರುಗಿ ಹೋದಿರಿ. ಬಿಚ್ಚಿ ನೋಡಿದರೆ ಬಸವನಹುಳು! ಅಕ್ಕ ಇಟ್ಟ ಹೆಸರಲ್ಲವೇ ಅದು? ಅವಳಿಗೆ ಎಲ್ಲದಕ್ಕೂ ಒಂದೊಂದು ಹೆಸರು. ಫೋಟೊ ಹಿಗ್ಗಿಸುವ ಎನ್ಲಾರ್ಜರ್‌ಗೆ ‘ಒಂಟಿಕಾಲಿನ ತಾತ’, ನನಗೆ ‘ಇಲಿಮರಿ’, ಈ ಸುರುಳಿಗೆ ‘ಬಸವನಹುಳು’. ಮನೆ ಬೆನ್ನ ಮೇಲೆ ಹೊತ್ತುಕೊಂಡು ನೀರಿಗಿಳಿಯುತ್ತೆ ನೋಡು ಅನ್ನುತ್ತಿದ್ದಳು. ಬಸ್ಸಿನಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡು ನಾನು ಎಷ್ಟು ಅತ್ತೆ ಗೊತ್ತೇ? ಪಕ್ಕದಲ್ಲಿ ಕೂತ ಹೆಂಗಸು, ‘ಯಾರಾದ್ರೂ ಹೋಗ್ಬಿಟ್ರಾ ತಾಯಿ?’ ಎಂದು ಕೇಳಿದಳು. ಇಲ್ಲ ಎಂದು ತಲೆಯಾಡಿಸಿದೆ. ಖುಷಿಗೆ ಅಳುತ್ತಿದ್ದೇನೆ ಎಂದು ಹೇಗೆ ಹೇಳುವುದು? ಅಪ್ಪ ಕೊನೆಗೂ ನನ್ನನ್ನು ಕ್ಷಮಿಸಿದರು ಅಂದುಕೊಂಡಿದ್ದೆ.

ಇಷ್ಟಾದರೂ ನಾನು ಅದನ್ನು ಟ್ರಂಕಿನಿಂದ ತೆಗೆದಿರಲಿಲ್ಲ. ನನ್ನ ಫಿಲ್ಮುಗಳನ್ನೆಲ್ಲ ಇಂಜಿನ್ ಸುತ್ತಿಕೊಡುತ್ತಿದ್ದಳು, ಬದಲಿಗೆ ನಾನು ಅವಳ ಥಿಯರಿ ನೋಟ್ಸ್ ಬರೆಯುತ್ತಿದ್ದೆ. ‘ಸ್ಟುಡಿಯೋದವರ ಮಗಳಂತೆ, ಫಿಲ್ಮು ಸುತ್ತೋಕೆ ಬರಲ್ವಂತೆ! ಮೀನಿಗೆ ನೀರು ಅಂದ್ರೆ ಭಯ’ ಎಂದು ಆಡಿಕೊಳ್ಳುತ್ತಿದ್ದಳು. ನಾನೂ ನಗುತ್ತಿದ್ದೆ. ನಗದೆ ಇನ್ನೇನು ಮಾಡುವುದು? ನನ್ನ ಕೈ ಎಂಥ ಕೈ ಎಂದು ನನಗೆ ಗೊತ್ತಿತ್ತು. ನನ್ನ ಕೈ ಏನು ಮಾಡಿತ್ತು ಎಂದು ನನಗೆ ಗೊತ್ತಿತ್ತು. ಗೊತ್ತಿತ್ತು ಅಂದುಕೊಂಡಿದ್ದೆ.

ಈಗ ವಿಷಯಕ್ಕೆ ಬರುತ್ತೇನೆ. ಡಾರ್ಕ್‌ರೂಮಿನ ಹೊರಗಿನ ಗೋಡೆಗೆ ಉದ್ದಕ್ಕೂ ತಂತಿ ಕಟ್ಟಿ, ಹಿಂದಿನ ವರ್ಷಗಳ ವಿದ್ಯಾರ್ಥಿಗಳು ಹಾಳುಮಾಡಿದ ಫಿಲ್ಮುಗಳನ್ನು ಬಟ್ಟೆ ಕ್ಲಿಪ್ಪಿನಿಂದ ತೂಗುಬಿಟ್ಟಿದ್ದಾರೆ. ಒಂದೊಂದಕ್ಕೂ ಒಂದು ಚೀಟಿ, ಏನು ತಪ್ಪಾಯಿತು ಎಂದು. ಹುಡುಗರು ಅದಕ್ಕೆ ‘ಸ್ಮಶಾನ’ ಅನ್ನುತ್ತಾರೆ. ಹದಿನೈದು ದಿನದ ಹಿಂದೆ ಮೇಡಂ ನಮ್ಮನ್ನು ಅಲ್ಲಿ ನಿಲ್ಲಿಸಿ ಒಂದೊಂದೇ ಹೆಣದ ಕಥೆ ಹೇಳಿದರು. ಇದ್ದಲಿನಂತೆ ಕಪ್ಪಗಿದ್ದದ್ದು ಬೆಳಕು ಬಿದ್ದದ್ದು. ಅರ್ಧಚಂದ್ರದ ಗುರುತಿನದ್ದು ಸುತ್ತುವಾಗ ಮಡಿಸಿದ್ದು. ಆಮೇಲೆ ‘ಪದರ ಅಂಟಿದ್ದು’ ಎಂಬ ಚೀಟಿ ಬಂತು. ನಮ್ಮ ಬಳಗದವರು ಸಿಕ್ಕರಲ್ಲ ಎಂದು ಹತ್ತಿರ ಹೋದೆ. ನೋಡಿದರೆ ಅದು ನನ್ನದರ ಹಾಗೆ ಇರಲೇ ಇಲ್ಲ ಅಪ್ಪಾ. ಅಲ್ಲಲ್ಲಿ ಹಾಲು ಚೆಲ್ಲಿದಂತೆ ಬೆಳ್ಳಗೆ ಮಬ್ಬಾದ ಕಲೆಗಳು. ಆ ಕಲೆಗಳ ಆಚೆ ಈಚೆ ಎಲ್ಲವೂ ಇತ್ತು: ಒಂದು ನಾಯಿ, ಒಂದು ಸೈಕಲ್ಲು, ಯಾರದೋ ಅಜ್ಜಿಯ ಅರ್ಧ ಮುಖ. ‘ತಾಗಿದ್ದಷ್ಟೇ ಹೋಗುತ್ತೆ, ಉಳಿದದ್ದು ಉಳಿಯುತ್ತೆ. ಎಷ್ಟೇ ಕೆಟ್ಟದಾಗಿ ಸುತ್ತಿದ್ರೂ ಪೂರ್ತಿ ರೋಲು ಹೋಗೋದು ನಾನಂತೂ ನೋಡಿಲ್ಲ’ ಎಂದರು ಮೇಡಂ.

ನನ್ನದು ಎಂದು ಯಾವುದನ್ನು ಹೇಳುತ್ತಿದ್ದೇನೆ ಎಂದು ನಿಮಗೆ ಗೊತ್ತು. ಆ ಫಿಲ್ಮನ್ನು ನೀವು ಕಸದ ಬುಟ್ಟಿಗೆ ಹಾಕಿದಿರಿ, ನಾನು ಅದರಿಂದ ಒಂದು ತುಂಡು ಎತ್ತಿಕೊಂಡಿದ್ದೆ. ಇದು ನಿಮಗೆ ಗೊತ್ತಿಲ್ಲ. ಸ್ಕೂಲಿನ ಅಷ್ಟೂ ವರ್ಷ ಅದು ನನ್ನ ಪುಸ್ತಕದಲ್ಲಿ ಗುರುತಿಗೆ ಇಟ್ಟುಕೊಳ್ಳುವ ಪಟ್ಟಿಯಾಗಿತ್ತು. ಇತಿಹಾಸ, ಗಣಿತ, ಎಲ್ಲ ಪುಸ್ತಕದಲ್ಲೂ ಅದು ಓಡಾಡಿದೆ. ಪುಟ ತೆಗೆದಾಗಲೆಲ್ಲ ‘ನೋಡು, ನೀನು ಮಾಡಿದ್ದು’ ಅನ್ನುತ್ತಿತ್ತು. ಅದನ್ನೇ ತಂದು ಮೇಡಂ ಕೈಗೆ ಕೊಟ್ಟೆ. ಅವರು ಬೆಳಕಿನ ಮೇಜಿನ ಮೇಲಿಟ್ಟು, ಭೂತಗನ್ನಡಿ ಕೂಡ ಹಿಡಿಯದೆ ನಕ್ಕುಬಿಟ್ಟರು. ‘ಯಾರಪ್ಪಾ ಈ ಪುಣ್ಯಾತ್ಮ, ಹೈಪೊ ಮೊದಲು ಸುರಿದಿರೋದು?’ ಎಂದರು. ಎಲ್ಲರೂ ನಕ್ಕರು. ಮೇಡಂ ಅಂಚನ್ನು ತೋರಿಸಿದರು. ‘ಇಲ್ಲಿ ನೋಡಿ, ಕಂಪನಿಯವರು ಫಿಲ್ಮಿನ ಅಂಚಿನಲ್ಲಿ ನಂಬರು, ಅಕ್ಷರ ಹಾಕಿರ್ತಾರೆ. ನೀವು ಒಂದೂ ಫೋಟೊ ತೆಗೀದೇ ಇದ್ರೂ ಡೆವಲಪರ್ ಬಿದ್ರೆ ಅದು ಬಂದೇ ಬರುತ್ತೆ. ಇದರಲ್ಲಿ ಅದೂ ಇಲ್ಲ. ಅಂದ್ರೆ ಡೆವಲಪರ್‌ಗಿಂತ ಮೊದಲು ಹೈಪೊ ಹೋಗಿದೆ. ಡೆವಲಪರ್ ಚಿತ್ರ ಎಬ್ಬಿಸುತ್ತೆ, ಹೈಪೊ ಮಿಕ್ಕಿದ್ದನ್ನ ಗುಡಿಸಿಹಾಕುತ್ತೆ. ಗುಡಿಸೋನು ಮೊದಲು ಬಂದ್ರೆ ಎಬ್ಬಿಸೋಕೆ ಯಾರಿರ್ತಾರೆ?’ ಆಮೇಲೆ ನನ್ನ ಕಡೆ ತಿರುಗಿ, ‘ನೀನೇನಾ ಮಾಡಿದ್ದು?’ ಎಂದು ಕೇಳಿದರು. ‘ಹೌದು ಮೇಡಂ, ಚಿಕ್ಕವಳಿದ್ದಾಗ’ ಎಂದೆ.

ಯಾಕೆ ಹಾಗೆಂದೆ? ಬಾಯಿಗೆ ಅದೇ ರೂಢಿಯಾಗಿಬಿಟ್ಟಿತ್ತು. ಅದೂ ಅಲ್ಲದೆ, ನಲವತ್ತು ಜನರ ಮುಂದೆ ನಮ್ಮಪ್ಪ ಅನ್ನಲು ನನಗೆ ನಾಲಿಗೆ ಬರಲಿಲ್ಲ.

ಆ ದಿನ ನಿಮಗೆ ನೆನಪಿರುತ್ತದೆ, ಆದರೆ ನನಗೆ ಹೇಗೆ ಕಂಡಿತು ಎಂಬುದು ಗೊತ್ತಿರಲಿಕ್ಕಿಲ್ಲ. ಅಕ್ಕ ಎದುರಿನ ಕಲರ್ ಲ್ಯಾಬಿಗೆ ಕೆಲಸಕ್ಕೆ ಸೇರಿದಳು, ಆಮೇಲೆ ಅಲ್ಲಿ ಮಷೀನು ನಡೆಸುವವನನ್ನು ಮದುವೆಯಾಗಿ ಊರನ್ನೇ ಬಿಟ್ಟು ಹೋದಳು. ‘ನನ್ನ ಕತ್ತಲಲ್ಲಿ ಕಲಿತು ಅವರ ಬೆಳಕಿಗೆ ಹೋದಳು’ ಎಂದಿರಿ ನೀವು, ಒಂದೇ ಸಲ. ಆಮೇಲೆ ಅವಳ ಸುದ್ದಿ ಎತ್ತಲಿಲ್ಲ. ಅಂಗಡಿ ಮುಂದಿನ ಗಾಜಿನ ಪೆಟ್ಟಿಗೆಯಲ್ಲಿ ಕೈ ಗಲ್ಲಕ್ಕಿಟ್ಟುಕೊಂಡು ನಗುತ್ತಿದ್ದ ಅಕ್ಕನ ದೊಡ್ಡ ಫೋಟೊ ಹೋಗಿ, ಆ ಜಾಗಕ್ಕೆ ಯಾರೋ ಮೀಸೆಯ ಮದುಮಗ ಬಂದ. ಮನೆಯ ಆಲ್ಬಮ್ಮಿನಲ್ಲಿ ಅಂಟು ಮಾತ್ರ ಉಳಿಯಿತು. ಅವಳ ನೆಗೆಟಿವ್‌ಗಳನ್ನು ನೀವು ಕತ್ತರಿಸುತ್ತಿದ್ದ ಸದ್ದು ಅಡುಗೆಮನೆಗೂ ಕೇಳುತ್ತಿತ್ತು. ಅಮ್ಮ ಒಲೆಯ ಮುಂದೆ ಬೆನ್ನು ತಿರುಗಿಸಿ ನಿಂತಿದ್ದಳು. ಆಗ ಅವಳಿಗೆ ನನ್ನ ಪುಟ್ಟ ಕ್ಯಾಮೆರಾ ನೆನಪಾಯಿತು. ಅದರೊಳಗೆ ಇನ್ನೂ ತೊಳೆಯದ ಒಂದು ರೋಲು ಇತ್ತು. ರಜೆಯೆಲ್ಲ ನಾನು ಅಕ್ಕನ ಹಿಂದೆಯೇ ಓಡಾಡಿ ತೆಗೆದದ್ದು: ತಾರಸಿಯಲ್ಲಿ ಕೂದಲು ಒಣಗಿಸುತ್ತಿರುವ ಅಕ್ಕ, ಬಾಯಿ ತೆರೆದು ಮಲಗಿದ ಅಕ್ಕ, ಕ್ಯಾಮೆರಾಕ್ಕೆ ಕತ್ತರಿ ತೋರಿಸಿ ಹೆದರಿಸುತ್ತಿರುವ ಅಕ್ಕ. ಅಮ್ಮ ನನ್ನನ್ನು ಮೂಲೆಗೆ ಕರೆದು, ‘ಪುಟ್ಟಿ, ಅಪ್ಪನ್ನ ನೀನೇ ಕೇಳು. ನಾನು ಕೇಳಿದ್ರೆ ಕೊಡಲ್ಲ, ನೀನು ಕೇಳಿದ್ರೆ ಇಲ್ಲ ಅನ್ನಲ್ಲ’ ಎಂದಳು.

ನಾನು ಕೇಳಿದೆ. ನೀವು ಸಿಟ್ಟಾಗಲಿಲ್ಲ. ಸ್ವಲ್ಪ ಹೊತ್ತು ಕ್ಯಾಮೆರಾವನ್ನು ಕೈಯಲ್ಲಿ ಆಡಿಸಿದಿರಿ. ಆಮೇಲೆ, ‘ಬಾ ಇಲಿಮರಿ, ಇವತ್ತು ನೀನೇ ಸುತ್ತು’ ಎಂದಿರಿ. ಅಪ್ಪಾ, ಆ ಮಾತಿಗೆ ನಾನು ಎಷ್ಟು ದಿನದಿಂದ ಕಾದಿದ್ದೆ! ಅಲ್ಲಿಯವರೆಗೆ ಹಾಳು ಫಿಲ್ಮು ಕೊಟ್ಟು, ಮೆಟ್ಟಿಲ ಮೇಲೆ ಕೂರಿಸಿ, ಕಣ್ಣು ಮುಚ್ಚಿಸಿ ಅಭ್ಯಾಸ ಮಾಡಿಸುತ್ತಿದ್ದಿರಿ. ‘ಕತ್ತಲಲ್ಲೂ ಕಣ್ಣು ಬಿಟ್ಟಿದ್ರೆ ಕೈ ಸೋಮಾರಿಯಾಗುತ್ತೆ, ಮುಚ್ಚು’ ಅನ್ನುತ್ತಿದ್ದಿರಿ. ನಿಜವಾದ ಫಿಲ್ಮು ಕೊಡಿ ಎಂದರೆ, ‘ನಿನ್ನ ಕೈ ಇನ್ನೂ ಹಾಲು ಕುಡೀತಿದೆ’ ಎಂದು ನಗುತ್ತಿದ್ದಿರಿ. ಆ ದಿನ ದೀಪ ಆರಿಸಿ ನನ್ನ ಪಕ್ಕದಲ್ಲೇ ನಿಂತಿರಿ. ನಿಮ್ಮ ಉಸಿರು ನನ್ನ ನೆತ್ತಿಗೆ ತಾಗುತ್ತಿತ್ತು. ಡಬ್ಬಿ ಬಿಚ್ಚಿದೆ, ಫಿಲ್ಮಿನ ನಾಲಿಗೆಯಂಥ ತುದಿ ಕತ್ತರಿಸಿದೆ, ಬಸವನಹುಳುವಿನ ಹೊಟ್ಟೆಯ ಕ್ಲಿಪ್ಪಿಗೆ ತುದಿ ಸಿಕ್ಕಿಸಿದೆ, ಹೆಬ್ಬೆರಳಿನಿಂದ ಸ್ವಲ್ಪ ಬಾಗಿಸಿ ತಿರುಗಿಸಿದೆ. ಸರಿಯಾಗಿ ಕೂತರೆ ಸದ್ದೇ ಇರಲ್ಲ, ತಪ್ಪಿದರೆ ಕರಕರ ಅನ್ನುತ್ತೆ ಎಂದು ನೀವೇ ಕಲಿಸಿದ್ದು. ಸದ್ದೇ ಬರಲಿಲ್ಲ. ಅಕ್ಕನ ಉಪಾಯವನ್ನೂ ಮಾಡಿದೆ: ಒಂದೆರಡು ಸುತ್ತಿಗೊಮ್ಮೆ ಫಿಲ್ಮನ್ನು ಮೆಲ್ಲಗೆ ಹಿಂದೆ ಮುಂದೆ ತಳ್ಳಿ ನೋಡಬೇಕು, ಕೂದಲೆಳೆಯಷ್ಟು ಆಡಿದರೆ ತೋಡಿನಲ್ಲಿದೆ ಎಂದರ್ಥ, ಆಡದಿದ್ದರೆ ಎಲ್ಲೋ ಹತ್ತಿಕೊಂಡಿದೆ. ಆಡಿತು. ಪ್ರತಿ ಸಲವೂ ಆಡಿತು. ನೀವು ಕತ್ತಲಲ್ಲೇ ಸುರುಳಿಯ ಅಂಚನ್ನು ಬೆರಳಿನಿಂದ ಸವರಿ, ‘ಕೈ ಬಂತು ಕಣೇ ನಿಂಗೆ’ ಎಂದಿರಿ. ಟ್ಯಾಂಕಿನ ಮುಚ್ಚಳ ಬಿಗಿಯಾದ ಮೇಲೆ ದೀಪ ಹಾಕಿ, ‘ಮೇಲೆ ಹೋಗಿ ಅಮ್ಮನ ಹತ್ರ ಒಣ ಟವೆಲ್ ಇಸ್ಕೊಂಡು ಬಾ’ ಎಂದು ಕಳಿಸಿದಿರಿ. ಟವೆಲ್ಲು ಅಲ್ಲೇ ಮೊಳೆಗೆ ತೂಗುತ್ತಿತ್ತು. ಅದು ನನಗೆ ಕಂಡಿತ್ತು. ಒದ್ದೆ ಇರಬೇಕು ಅಂದುಕೊಂಡೆ.

ನಾನು ಅಮ್ಮನಿಗೆ ‘ಅಮ್ಮಾ, ನಾನೇ ಸುತ್ತಿದೆ! ಕೈ ಬಂತು ಅಂದ್ರು!’ ಎಂದು ಕುಣಿದೆ. ಅಮ್ಮ ಟವೆಲ್ಲು ಹುಡುಕುತ್ತಾ ನನ್ನ ತಲೆ ಸವರಿದಳು. ಕೆಳಗೆ ಬಂದಾಗ ನೀವು ಹೊರಗೆ ಬಾಗಿಲಲ್ಲಿ ನಿಂತಿದ್ದಿರಿ, ಫಿಲ್ಮನ್ನು ಬೆಳಕಿಗೆ ಹಿಡಿದು. ತೊಳೆದ ಗಾಜಿನ ಹಾಗೆ ಬೋಳು. ‘ಸುತ್ತೋದ್ರಲ್ಲಿ ಎಡವಿದೆ ಮಗಳೆ. ಪದರ ಅಂಟ್ಕೊಂಡ್ಬಿಟ್ಟಿದೆ, ಎಲ್ಲಾ ಹೋಯ್ತು. ಹೋಗ್ಲಿ ಬಿಡು, ಚಿಕ್ಕ ಕೈ’ ಎಂದಿರಿ. ಬೈಯಲೇ ಇಲ್ಲ. ಬೈದಿದ್ದರೆ ನಾನೂ ಎದುರು ಮಾತಾಡುತ್ತಿದ್ದೆನೋ ಏನೋ, ‘ಆಡಿತ್ತಲ್ಲ ಅಪ್ಪಾ, ನಾನು ತಳ್ಳಿ ನೋಡಿದೆನಲ್ಲ’ ಎಂದು. ನೀವು ಅಷ್ಟು ಮೆತ್ತಗೆ ಹೇಳಿದಿರಿ, ನಾನು ನನ್ನ ಕೈಯನ್ನು ನಂಬದೆ ನಿಮ್ಮ ಮಾತನ್ನು ನಂಬಿದೆ. ಅಮ್ಮನೂ ಬೈಯಲಿಲ್ಲ. ಆ ಬೋಳು ಫಿಲ್ಮನ್ನು ಕಿಟಕಿಯ ಹತ್ತಿರ ಹಿಡಿದು ಈ ತುದಿಯಿಂದ ಆ ತುದಿಯವರೆಗೆ ನೋಡಿದಳು, ಮತ್ತೆ ಮೊದಲಿನಿಂದ ನೋಡಿದಳು. ‘ಒಂದಾದ್ರೂ ಉಳಿಬಾರದಾಗಿತ್ತೇ’ ಎಂದಳು, ಯಾರಿಗೋ ಹೇಳಿದ ಹಾಗೆ. ಅಮ್ಮ ಮತ್ತೆ ನನ್ನ ಕೈಗೆ ಏನನ್ನಾದರೂ ಕೊಡುವಾಗ, ಲೋಟವೇ ಆಗಲಿ, ‘ಜೋಪಾನ’ ಅನ್ನುವುದು ರೂಢಿಯಾಯಿತು. ಆಮೇಲೆ ‘ಈ ಕೈಗೆ ಡಾರ್ಕ್‌ರೂಂ ಬೇಡ, ಪುಸ್ತಕ ಹಿಡೀಲಿ’ ಎಂದು ನೀವು ಹಾಸ್ಟೆಲ್ ಸ್ಕೂಲಿಗೆ ಸೇರಿಸಿದಿರಿ. ನನಗದು ಶಿಕ್ಷೆ ಎಂದು ಅನ್ನಿಸಲೇ ಇಲ್ಲ. ಮಾಡಿದ್ದುಣ್ಣೋ ಮಹಾರಾಯ, ಅಷ್ಟೇ ಅನ್ನಿಸಿತು.

ಮೇಡಂ ನಕ್ಕ ದಿನವೂ ನಾನು ನಿಮ್ಮ ಪರವಾಗಿಯೇ ವಾದ ಮಾಡಿದೆ, ನೀವು ನಂಬಬೇಕು. ಮೇಡಂಗೆ ಏನು ಗೊತ್ತು, ಸ್ಟೀಲ್ ಸುರುಳಿಯ ವಿಷಯವೇ ಬೇರೆ ಇರಬಹುದು ಎಂದು ನನಗೆ ನಾನೇ ಹೇಳಿಕೊಂಡೆ. ಅದಕ್ಕೇ ಟ್ರಂಕು ತೆಗೆದು ಬಸವನಹುಳುವನ್ನು ಹೊರಗೆ ತಂದೆ. ಒಂದು ರೋಲು ತೆಗೆದು, ಬೇಕಂತಲೇ ಎಷ್ಟು ಕೆಟ್ಟದಾಗಿ ಸುತ್ತಲು ಸಾಧ್ಯವೋ ಅಷ್ಟು ಕೆಟ್ಟದಾಗಿ ಸುತ್ತಿದೆ. ಕರಕರ ಎಂದು ಅದು ಬೇಡಿಕೊಂಡರೂ ಬಿಡಲಿಲ್ಲ, ಪದರದ ಮೇಲೆ ಪದರ ತುರುಕಿದೆ. ತೊಳೆದು ನೋಡಿದರೆ ಹಾಲಿನ ಕಲೆಗಳು, ಮೇಡಂ ಹೇಳಿದ ಹಾಗೆಯೇ. ಅವುಗಳ ನಡುವೆ ಇಂಜಿನ್ ಹಲ್ಲು ಕಿರಿಯುತ್ತಾ ಕೂತಿದ್ದಳು. ಅಂಚಿನಲ್ಲಿ ನಂಬರುಗಳು ಸಾಲಾಗಿ ನಿಂತಿದ್ದವು. ಇನ್ನೊಂದು ರೋಲು ತೆಗೆದುಕೊಂಡೆ. ಅದನ್ನು ಚೆನ್ನಾಗಿ, ಅಕ್ಕನ ಉಪಾಯ ಮಾಡಿ, ಕೂದಲೆಳೆ ಆಡಿಸಿ ನೋಡಿ ಸುತ್ತಿದೆ. ಟ್ಯಾಂಕಿಗೆ ಹೈಪೊ ಮೊದಲು ಸುರಿದೆ. ಅಪ್ಪಾ, ಅದು ನನ್ನ ಹಳೆಯ ಪಟ್ಟಿಯ ಅವಳಿಯ ಹಾಗೆ ಹೊರಗೆ ಬಂತು. ಎರಡನ್ನೂ ಮೇಜಿನ ಮೇಲೆ ಪಕ್ಕಪಕ್ಕ ಇಟ್ಟರೆ ಯಾವುದು ಯಾವುದೆಂದು ತಿಳಿಯದೆ ಹಳೆಯದಕ್ಕೆ ಉಗುರಿನಿಂದ ಗೀರಿ ಗುರುತು ಮಾಡಬೇಕಾಯಿತು. ಇಂಜಿನ್ ನೋಡಿ, ‘ಪರವಾಗಿಲ್ವೇ, ಈ ಬೋಳು ರೋಲು ಸುತ್ತಿದ್ದು ನೀನೇನಾ? ಒಂದು ಕಡೆಯೂ ಪದರ ಅಂಟಿಲ್ಲ! ಮತ್ತೆ ಇಷ್ಟು ದಿನ ನನ್ನ ಕೈಲಿ ಯಾಕೆ ಗೇಯಿಸಿದೆ?’ ಎಂದು ಬೆನ್ನಿಗೆ ಗುದ್ದಿದಳು. ನಾನು ಸಿಂಕಿನ ಮೇಲೆ ಬಗ್ಗಿ ಮುಖ ತೊಳೆಯುತ್ತಾ ನಿಂತೆ, ತುಂಬ ಹೊತ್ತು.

ಬಾಟಲಿ ಬದಲಾಯಿತು ಅನ್ನುತ್ತೀರಾ? ಅದನ್ನೂ ಯೋಚಿಸಿ ನೋಡಿದೆ. ನಿಮ್ಮ ಹೈಪೊ ಬಾಟಲಿಯ ಕೊರಳಿಗೆ ಚಿಂದಿ ಬಟ್ಟೆ ಕಟ್ಟಿರುತ್ತಿತ್ತು, ಕತ್ತಲಲ್ಲಿ ಮುಟ್ಟಿದರೂ ತಿಳಿಯಲಿ ಎಂದು. ‘ನೆಗಡಿಯಾಗಿ ಮೂಗು ಕಟ್ಟಿದ್ರೂ ಹೈಪೊ ವಾಸನೆ ನನ್ನಿಂದ ತಪ್ಪಿಸಿಕೊಳ್ಳಲ್ಲ’ ಎಂದು ಗಿರಾಕಿಗಳ ಮುಂದೆ ಜಂಬ ಕೊಚ್ಚುತ್ತಿದ್ದಿರಿ. ಅದೂ ಅಲ್ಲದೆ ಆಗ ದೀಪ ಉರಿಯುತ್ತಿತ್ತು.

ಅಕ್ಕನ ಮೇಲೆ ನಿಮಗೆ ಸಿಟ್ಟಿತ್ತು, ಅದು ನಿಮ್ಮ ಸಿಟ್ಟು. ಅವಳ ಫೋಟೊ ನೀವು ತೆಗೆದದ್ದು, ಕತ್ತರಿಸಿದಿರಿ, ಅಮ್ಮ ಸಹಿಸಿದಳು. ಆ ರೋಲು ನನ್ನದಾಗಿತ್ತು. ‘ತೊಳೆಯಲ್ಲ, ಹೋಗು’ ಎಂದಿದ್ದರೂ ಸಾಕಿತ್ತು. ನಾನು ಅಳುತ್ತಿದ್ದೆ, ಕಾಲು ಅಪ್ಪಳಿಸುತ್ತಿದ್ದೆ, ಮರುದಿನ ಮರೆಯುತ್ತಿದ್ದೆ. ಆದರೆ ಅಮ್ಮನ ಕಣ್ಣಿನಲ್ಲಿ ಕೆಟ್ಟವರಾಗಲು ನಿಮಗೆ ಮನಸ್ಸಿರಲಿಲ್ಲ. ಅದಕ್ಕೆ ಒಂದು ಚಿಕ್ಕ ಕೈ ಬೇಕಾಗಿತ್ತು. ಸಾರಿ, ಅಕ್ಷರ ಸೊಟ್ಟಗಾಗಿದೆ. ಇನ್ನೊಂದು ವಿಷಯ ನಿಮಗೆ ಹೊಳೆದೇ ಇರಲಿಕ್ಕಿಲ್ಲ. ಇಷ್ಟು ವರ್ಷ ನಾನು ಅಕ್ಕನಿಗೆ ಒಂದು ಸಾಲು ಬರೆಯಲಿಲ್ಲ, ನಿಮಗೆ ಹೆದರಿ ಅಲ್ಲ. ಮನೆಯಲ್ಲಿ ಉಳಿದಿದ್ದ ಅವಳ ಕೊನೆಯ ಮುಖವನ್ನು ಅಳಿಸಿದವಳು ನಾನು, ಯಾವ ಮುಖ ಹೊತ್ತು ಬರೆಯಲಿ ಎಂದು. ನೀವು ಒಂದು ಬಾಟಲಿಯಲ್ಲಿ ಫಿಲ್ಮು ಮಾತ್ರ ತೊಳೆಯಲಿಲ್ಲ ಅಪ್ಪಾ.

ಒಂದೇ ಒಂದು ಕೇಳಬೇಕು. ಅದು ನಿಮಗೆ ಯಾವಾಗ ಹೊಳೆಯಿತು? ‘ಇವತ್ತು ನೀನೇ ಸುತ್ತು’ ಅಂದಾಗಲೇ ಮನಸ್ಸಿನಲ್ಲಿತ್ತೇ? ಅಥವಾ ನಾನು ಟವೆಲ್ಲಿಗೆಂದು ಮೆಟ್ಟಿಲು ಹತ್ತಿದ ಮೇಲೆ, ಒಬ್ಬರೇ ಆ ಟ್ಯಾಂಕಿನ ಮುಂದೆ ನಿಂತಾಗ, ಕೈ ತಾನಾಗಿ ಆ ಕಡೆ ಹೋಯಿತೇ? ನನಗೆ ಎರಡನೆಯದೇ ನಿಜವಾಗಿರಲಿ ಎಂದಿದೆ. ಹಾಗಿದ್ದರೆ ‘ಕೈ ಬಂತು ಕಣೇ ನಿಂಗೆ’ ಅನ್ನುವ ಮಾತಾದರೂ ನನಗೆ ಉಳಿಯುತ್ತದೆ. ಟವೆಲ್ಲು ಮೊಳೆಯಲ್ಲೇ ತೂಗುತ್ತಿತ್ತು ಎಂಬುದು ಮಾತ್ರ ಮತ್ತೆ ಮತ್ತೆ ಕಣ್ಣ ಮುಂದೆ ಬರುತ್ತದೆ. ಒದ್ದೆಯಾಗಿತ್ತೇ ಅದು?

ಮೆಸ್ಸಿನ ಗಂಟೆ ಹೊಡೆಯಿತು, ಸಂಜೆಯ ಚಹಾ. ತಡವಾದರೆ ಬರೀ ಬಿಸಿನೀರು ಕೊಡುತ್ತಾರೆ. ಚಿಮಟ ಬಳಸಿ, ನಿಜವಾಗಿ ಹೇಳುತ್ತಿದ್ದೇನೆ, ನಿಮ್ಮ ಬೆರಳು ನೋಡಿದರೆ ನನಗೆ ಸಂಕಟವಾಗುತ್ತದೆ. ಇಷ್ಟೆಲ್ಲ ಆದ ಮೇಲೂ ಆಗುತ್ತದೆ, ಏನು ಮಾಡಲಿ. ಅಮ್ಮನಿಗೆ ನನ್ನ ನಮಸ್ಕಾರ ಹೇಳಿ, ನಾನು ಚೆನ್ನಾಗಿ ಊಟ ಮಾಡುತ್ತಿದ್ದೇನೆ ಎಂದು ಹೇಳಿ. ನಿಮ್ಮ ಕಾಲಿಗೆ ನಮಸ್ಕಾರ ಎಂದು ಬರೆಯಲು ಪೆನ್ನು ಅರ್ಧ ದಾರಿಯಲ್ಲಿ ನಿಂತಿತ್ತು. ಬರೆದಿದ್ದೇನೆ.

ನಿಮ್ಮ ಮಗಳು,
ಇಲಿಮರಿ

ತಾ.ಕ.: ಮುಖ್ಯವಾದದ್ದೇ ಬಿಟ್ಟುಹೋಯಿತು. ಅಕ್ಕ ಈಗ ಕೆಲಸ ಮಾಡುವ ಲ್ಯಾಬಿನ ವಿಳಾಸ ಹುಡುಕಿ ಕಾಗದ ಹಾಕಿದ್ದೆ, ಉತ್ತರ ಬಂದಿದೆ, ಒಂದೇ ಸಾಲು: ‘ಮುಂದಿನ ಭಾನುವಾರ ಬರ್ತೀನಿ, ಬಸವನಹುಳುನ ತೊಳೆದು ಒಣಗಿಸಿಡು.’ ಅವಳ ಫೋಟೊ ತೆಗೆಯುತ್ತೇನೆ. ನಾನೇ ಸುತ್ತುತ್ತೇನೆ, ಔಷಧಿಯನ್ನೂ ನಾನೇ ಸುರಿಯುತ್ತೇನೆ. ಪ್ರಿಂಟು ಅಮ್ಮನ ಹೆಸರಿಗೆ ಕಳಿಸುತ್ತೇನೆ. ಮನೆಯ ಟಪಾಲೂ ಅಂಗಡಿಗೇ ಬರುತ್ತದೆ, ನಿಮ್ಮ ಕೈಗೇ ಬರುತ್ತದೆ, ಗೊತ್ತು. ಗೊತ್ತಿದ್ದೇ ಕಳಿಸುತ್ತಿದ್ದೇನೆ. ದಪ್ಪ ಕವರು, ‘ಒಳಗೆ ಫೋಟೊ ಇದೆ, ಮಡಚಬೇಡಿ’ ಎಂದು ಬರೆದಿರುತ್ತದೆ. ಒಡೆಯದೆ ಅಮ್ಮನಿಗೆ ಕೊಡಿ. ಆ ಫಿಲ್ಮಿನ ವಿಷಯ ನಾನು ಅಮ್ಮನಿಗೆ ಹೇಳಿಲ್ಲ, ಕವರು ಕೊಡುವಾಗ ನೀವೇ ಹೇಳುತ್ತೀರಿ ಎಂದು ಕಾಯುತ್ತೇನೆ. ಕೊಡದೆ ಇದ್ದರೆ ಮತ್ತೆ ಪ್ರಿಂಟು ಹಾಕುತ್ತೇನೆ, ಆಗಲೂ ಕೊಡದಿದ್ದರೆ ಮತ್ತೆ ಹಾಕುತ್ತೇನೆ. ನೆಗೆಟಿವ್ ಮಾತ್ರ ಈ ಸಲ ನನ್ನ ಹತ್ತಿರವೇ ಇರುತ್ತದೆ ಅಪ್ಪಾ.